ಏಳು ಸೆಂಟಿಮೀಟರ್ ಪರದೆಗೆ ಕನ್ನಡ ವೆಬ್‌ಕಾಮಿಕ್: ಕ್ಯಾನ್ವಾಸಿನಿಂದ ಪುಸ್ತಕದವರೆಗೆ

[ಪರದೆ: ಒಂದೇ ಪ್ಯಾನೆಲ್ (ಕಾಮಿಕ್‌ನ ಒಂದು ಚೌಕಟ್ಟು) ಎರಡು ಸಲ. ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ಫೋನಿನಲ್ಲಿ. ಫೋನಿನಲ್ಲಿ ಬಲೂನಿನ ಮಾತು ಓದಲಾಗುವುದಿಲ್ಲ.]

ನಮಸ್ಕಾರ. ಕನ್ನಡದಲ್ಲಿ ವೆಬ್‌ಕಾಮಿಕ್ ಮಾಡಲು ಕೂತವರು ಮೊದಲು ಚಿತ್ರ ಮುಗಿಸಿ, ಉಳಿದ ಜಾಗದಲ್ಲಿ ಮಾತು ತುರುಕುತ್ತಾರೆ. ಓದುಗರು ಕೈಬಿಡುವುದು ಅಲ್ಲೇ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಆಳಂದ ಬಸ್ಸಿಗೆ ಕಾಯುತ್ತ ನಿಂತವರು ನಿಮ್ಮ ಕಾಮಿಕ್ ಓದುವುದು ಫೋನಿನಲ್ಲಿ, ಮಟಮಟ ಬಿಸಿಲಿನಲ್ಲಿ. ಪರದೆಯ ಅಗಲ ಸುಮಾರು 7 ಸೆಂ.ಮೀ. ಅಷ್ಟರಲ್ಲೇ ಒತ್ತಕ್ಷರ ಕಾಣಬೇಕು. ಈ ವಿಡಿಯೋದ ಲೆಕ್ಕವೆಲ್ಲ ಅಲ್ಲಿಂದಲೇ ಶುರು.

[ಪರದೆ: 1600 × 5120 ಕ್ಯಾನ್ವಾಸ್]

ಮೇಲಿಂದ ಕೆಳಗೆ ಸ್ಕ್ರಾಲ್ ಮಾಡುವ ಕಾಮಿಕ್‌ಗೆ ವೆಬ್‌ಟೂನ್ ಕ್ಯಾನ್ವಾಸ್ ಎಂಬ ಕಾಮಿಕ್ ಪ್ರಕಟಿಸುವ ವೇದಿಕೆಯಲ್ಲಿ ಅಗಲ 800 ಪಿಕ್ಸೆಲ್, ಒಂದು ತುಂಡಿನ ಎತ್ತರ 1280. ಆದರೆ ನೀವು ಬಿಡಿಸುವುದು 1600 ಅಗಲದಲ್ಲಿ ಇರಲಿ. ಮುಂದೆ ಪುಸ್ತಕ ಮಾಡುವಾಗ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 800 ಪಿಕ್ಸೆಲ್ ಬರೀ 6.8 ಸೆಂ.ಮೀ. ಆಗುತ್ತದೆ. 1600 ಇದ್ದರೆ 13.5 ಸೆಂ.ಮೀ.; ಎ5 ಪುಟದ 14.8 ಸೆಂ.ಮೀ. ಅಗಲದಲ್ಲಿ ಅಂಚು ಬಿಟ್ಟು ಸರಿಯಾಗಿ ಕೂರುತ್ತದೆ.

ಇಡೀ ಸಂಚಿಕೆಯನ್ನು ಒಂದೇ ಉದ್ದ ಕ್ಯಾನ್ವಾಸಿನಲ್ಲಿ ಬಿಡಿಸಬೇಡಿ. 1600 × 20000 ಪಿಕ್ಸೆಲ್ ಎಂದರೆ ಒಂದು ಲೇಯರಿಗೇ (ಒಂದರ ಮೇಲೊಂದು ಕೂರುವ ಚಿತ್ರದ ಪದರಕ್ಕೆ) ಸುಮಾರು 128 ಎಂಬಿ ಮೆಮೊರಿ. ಹತ್ತು ಲೇಯರ್ ಹಾಕಿದರೆ 4 ಜಿಬಿ ರ‍್ಯಾಮ್‌ನ ಫೋನು ಅರ್ಧಕ್ಕೇ ಆ್ಯಪ್ ಮುಚ್ಚಿಬಿಡುತ್ತದೆ, ಸೇವ್ ಆಗದ ಕೆಲಸ ಹೋಗುತ್ತದೆ. 1600 × 5120ರ ಫೈಲುಗಳಾಗಿ ಒಡೆಯಿರಿ: ಲೇಯರಿಗೆ 33 ಎಂಬಿ. ಅರ್ಧಕ್ಕೆ ಇಳಿಸಿದಾಗ 800 × 2560, ಅಂದರೆ 1280ರ ಎರಡು ತುಂಡು. ತುಂಡಿನ ಗೆರೆ ಪ್ಯಾನೆಲ್‌ಗಳ ನಡುವಿನ ಖಾಲಿ ಜಾಗದಲ್ಲಿ ಬೀಳಲಿ. ಮುಖದ ಮೇಲೋ ಬಲೂನಿನ ಮೇಲೋ ಬಿದ್ದರೆ ಕೆಲವು ಫೋನುಗಳಲ್ಲಿ ಕೂದಲೆಳೆಯಷ್ಟು ಗೀಟು ಕಾಣುತ್ತದೆ.

ಒಂದೊಂದು ಪ್ಯಾನೆಲ್ಲನ್ನೂ ಆದಷ್ಟು 1600 × 2000ದೊಳಗೆ ಮುಗಿಸಿ. ಇದು 4:5 ಅನುಪಾತ. ಇನ್‌ಸ್ಟಾಗ್ರಾಮಿನ 1080 × 1350 ಪೋಸ್ಟಿಗೆ ಹಾಗೇ ಇಳಿಸಬಹುದು, ಮತ್ತೆ ಬಿಡಿಸುವ ಕೆಲಸವಿಲ್ಲ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಕಂಪ್ಯೂಟರ್ ಇದ್ದರೆ ಕ್ರಿಟಾ, ಫೋನ್ ಇದ್ದರೆ ಐಬಿಸ್ ಪೇಂಟ್. ಕ್ರಿಟಾ ಪೂರ್ತಿ ಉಚಿತ.

[ಪರದೆ: ಪರೀಕ್ಷೆಯ ಸಾಲು. "ಸ್ತ್ರೀ, ರಾಷ್ಟ್ರೀಯ, ಅರ್ಧ, ಕೃಷ್ಣ, ಜ್ಯೋತ್ಸ್ನೆ"]

ಈಗ ಲೆಟರಿಂಗ್, ಅಂದರೆ ಬಲೂನಿನೊಳಗೆ ಮಾತು ಕೂಡಿಸುವುದು. ಹೊಸ ಆ್ಯಪ್, ಹೊಸ ಫಾಂಟ್ ಯಾವುದನ್ನೇ ತೆಗೆದರೂ ಮೊದಲು ಈ ಸಾಲನ್ನು ಟೈಪ್ ಮಾಡಿ ನೋಡಿ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ, ಅರ್ಕಾವೊತ್ತು ಜಾಗ ತಪ್ಪಿದರೆ, ಆ ಜೋಡಿ ಬೇಡ. ಫೋಟೋಶಾಪಿನಲ್ಲಿ ಅಕ್ಷರ ಒಡೆದರೆ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಇಲ್ಲದಿದ್ದರೆ ಅದು ಕನ್ನಡವನ್ನು ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಜೋಡಿಸುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಅದೂ ಉಚಿತ. ಚಿತ್ರ ಎಲ್ಲೇ ಬಿಡಿಸಿ, ಮಾತನ್ನು ಅಲ್ಲಿ ಕೂಡಿಸಬಹುದು.

ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳನ್ನು ಬಿಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಸಂಭಾಷಣೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಬಾಲೂ ತಮ್ಮ 2, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ, ಮಾರುವ ಪುಸ್ತಕಕ್ಕೂ ಬಳಸಬಹುದು. ನಮ್ಮ ಆಯ್ಕೆ ಅನೇಕ್. ಅದರ ಅಕ್ಷರವನ್ನು ಅಗಲ ಕಡಿಮೆ ಮಾಡಿ ಬಳಸಬಹುದು. "ಹೋಗ್ಬೇಕಾಗಿತ್ತಲ್ಲ" ಅಂಥ ಪದ ಬಂದಾಗ ಬಲೂನು ಹಿಗ್ಗಿಸುವ ಗೋಜಿಲ್ಲ.

ಅಳತೆ ಹೀಗಿರಲಿ: 1600ರ ಕ್ಯಾನ್ವಾಸಿನಲ್ಲಿ ಅಕ್ಷರ 72ರಿಂದ 80 ಪಿಕ್ಸೆಲ್. 800ಕ್ಕೆ ಇಳಿದಾಗ 36ರಿಂದ 40, ಫೋನಿನ ಮೇಲೆ ಸುಮಾರು 3 ಮಿ.ಮೀ. ಇದಕ್ಕಿಂತ ಸಣ್ಣದಾದರೆ "ಪ" ಯಾವುದು "ಷ" ಯಾವುದು ತಿಳಿಯುವುದಿಲ್ಲ. ಸಾಲುಗಳ ಅಂತರ ಅಕ್ಷರದ ಒಂದೂವರೆ ಪಟ್ಟು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು ಇಲ್ಲಿ ಬಹಳ ಆಗುವ ತಪ್ಪು. ಒಂದು ಬಲೂನಿನಲ್ಲಿ ನಾಲ್ಕು ಸಾಲು, ಹನ್ನೆರಡು ಪದ ಸಾಕು. ಒತ್ತಿ ಹೇಳಬೇಕಾದ ಪದವನ್ನು ವಾಲಿಸಬೇಡಿ, ವಾಲಿದ ಕನ್ನಡ ಅಕ್ಷರ ಮುರಿದಂತೆ ಕಾಣುತ್ತದೆ, ದಪ್ಪ ಮಾಡಿ. ಬಲೂನು, ಮಾತು, ಚಿತ್ರ ಬೇರೆ ಬೇರೆ ಲೇಯರಿನಲ್ಲಿರಲಿ. ಬೀದರಿನಲ್ಲಿ ಮರಾಠಿ, ತೆಲುಗು, ಉರ್ದು ಓದುವವರೂ ಇದ್ದಾರೆ, ಒಂದು ದಿನ ಅನುವಾದ ಮಾಡಿಸಬೇಕು ಅನ್ನಿಸಬಹುದು.

[ಪರದೆ: ಎರಡು ಬಲೂನು. "ಕಾಕಾ, ಬಸ್ ಇನ್ನಾ ಬಂದಿಲ್ಲೇನ್ರಿ?" "ಬರ್ಲಾಕತ್ತದ ತಮ್ಮಾ, ಜರಾ ತಡಿ."]

ಪಾತ್ರ ಕಲಬುರಗಿಯದಾದರೆ ಕಲಬುರಗಿಯ ಮಾತೇ ಆಡಲಿ. ಈ ಮಾತು ಓದಿದ ಕೂಡಲೇ ಇಲ್ಲಿಯವರು ಇನ್ನೊಬ್ಬರಿಗೆ ಕಳಿಸುತ್ತಾರೆ. ಇದಕ್ಕಿಂತ ದೊಡ್ಡ ಪ್ರಚಾರ ಇಲ್ಲ. ಆದರೆ ಒಂದು ಕಡೆ "ಅದ", ಇನ್ನೊಂದು ಕಡೆ "ಐತಿ" ಬರೆದರೆ ಅದೇ ಪಾತ್ರ ಒಮ್ಮೆ ಕಲಬುರಗಿಗೆ, ಒಮ್ಮೆ ಬಾಗಲಕೋಟೆಗೆ ಸೇರುತ್ತದೆ. ಪ್ರತಿ ಪಾತ್ರಕ್ಕೂ ಒಂದು ಪುಟದ ಕಾಗುಣಿತ ಪಟ್ಟಿ ಮಾಡಿ: ಯಾರನ್ನು ಏನೆಂದು ಕರೆಯುತ್ತದೆ, ಕ್ರಿಯಾಪದ ಹೇಗೆ ಮುಗಿಯುತ್ತದೆ, ಯಾವ ದಖನಿ ಉರ್ದು ಪದ ಬಳಸುತ್ತದೆ.

ಚಿತ್ರ ಮತ್ತು ಹೆಸರು ಸೇರಿ ಕಥೆ ಹೇಳುವುದು ಈ ನೆಲಕ್ಕೆ ಹೊಸದಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿಯ ಶಿಲ್ಪಫಲಕದಲ್ಲಿ ಅಶೋಕನ ಚಿತ್ರವಿದೆ, ಜೊತೆಗೆ "ರಾಯ ಅಸೋಕೋ" ಎಂದು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದ್ದಾರೆ. ಎರಡೇ ಪದ, ಯಾರೆಂದು ಗೊತ್ತಾಯಿತು. ವಿವರಣೆಯ ಡಬ್ಬಿ ಬರೆಯುವಾಗ ಅಷ್ಟು ಚಿಕ್ಕದಾಗಿ ಬರೆಯಲು ನೋಡಿ.

ಹಿನ್ನೆಲೆ ಚಿತ್ರಗಳನ್ನು ಒಮ್ಮೆ ಚೆನ್ನಾಗಿ ಬಿಡಿಸಿ ಇಟ್ಟುಕೊಳ್ಳಿ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. ಒಳಗೆ ಕಮಾನಿನ ಹಿಂದೆ ಕಮಾನು. ಒಂದು ಕಮಾನು ಬಿಡಿಸಿ, ನಕಲು ಮಾಡಿ ಚಿಕ್ಕದು ಮಾಡುತ್ತ ಹೋದರೆ ಇಡೀ ಸಾಲು ಸಿದ್ಧ. ಮನೆಯ ನೆಲಕ್ಕೆ ಶಹಾಬಾದ್ ಕಲ್ಲಿನ ಗೆರೆ ಹಾಕಿ. ಮೇ ತಿಂಗಳ ಮಧ್ಯಾಹ್ನದ ನೆರಳು ಕಾಲ ಬುಡದಲ್ಲೇ ಬೀಳಲಿ. ಊರು ಯಾವುದೆಂದು ಬೋರ್ಡ್ ಬರೆದು ತೋರಿಸಬೇಕಾಗಿಲ್ಲ.

[ಪರದೆ: ಕ್ಯಾಲೆಂಡರ್]

ಸಂಚಿಕೆಗೆ 30 ಪ್ಯಾನೆಲ್, ಒಂದಕ್ಕೆ ಒಂದು ಗಂಟೆ ಎಂದಿಟ್ಟುಕೊಳ್ಳಿ: 30 ಗಂಟೆ. ಕೆಲಸ ಮುಗಿಸಿ ಬಂದು ದಿನಕ್ಕೆ ಎರಡು ಗಂಟೆ ಕೂತರೆ 15 ದಿನ. ಹಾಗಾದರೆ ವಾರಕ್ಕೊಂದು ಸಂಚಿಕೆ ಎಂದು ಘೋಷಿಸುವುದು ಸುಳ್ಳು ಭರವಸೆ. ಹದಿನೈದು ದಿನಕ್ಕೊಂದು ಎನ್ನಿ, ಆರು ಸಂಚಿಕೆ ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಮೊದಲ ದಿನವೇ ಮೂರು ಹಾಕಿ. ಒಂದೇ ಸಂಚಿಕೆ ಓದಿದವರಿಗೆ ಕಥೆಯ ರುಚಿ ಹತ್ತುವುದಿಲ್ಲ. ಉಳಿದ ಮೂರು ಜ್ವರ, ಪರೀಕ್ಷೆ, ಮನೆಯ ಮದುವೆಗೆ.

ಪ್ರಚಾರಕ್ಕೆ ಬರೋಣ. ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೋಸ್ಟಿಗೆ 20 ಚಿತ್ರದವರೆಗೆ ಹಾಕಬಹುದು. ಮೊದಲ ಚಿತ್ರ ಮುಖಪುಟ ಆಗಬಾರದು, ಜಗಳವೋ ಪ್ರಶ್ನೆಯೋ ಇರುವ ಪ್ಯಾನೆಲ್ ಆಗಲಿ. ಬರಹದಲ್ಲಿ ಕಲಬುರಗಿ ಮತ್ತು ಗುಲಬರ್ಗಾ ಎರಡನ್ನೂ ಹಾಕಿ. ಹೆಸರು ಬದಲಾದದ್ದು 2014ರಲ್ಲಿ, ಹಳೆಯ ಹೆಸರಿನಲ್ಲಿ ಹುಡುಕುವವರು ಇನ್ನೂ ಇದ್ದಾರೆ.

ಆದರೆ ಇಲ್ಲಿ ಕಾಮಿಕ್ ನಿಜವಾಗಿ ಓಡಾಡುವುದು ವಾಟ್ಸ್‌ಆ್ಯಪ್‌ನಲ್ಲಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಅಕ್ಷರದ ಸುತ್ತ ಮಸುಕು ಬರುತ್ತದೆ. ಪಿಎನ್‌ಜಿ ಫೈಲ್ ಮಾಡಿ, ಎಚ್‌ಡಿ ಆರಿಸಿ ಕಳಿಸಿ. ಫಾರ್ವರ್ಡ್ ಆಗುವಾಗ ಲಿಂಕ್ ಉಳಿಯದೆ ಚಿತ್ರ ಮಾತ್ರ ಹೋಗಬಹುದು. ಆದ್ದರಿಂದ ಕಾಮಿಕ್‌ನ ಹೆಸರು ಮತ್ತು ವಿಳಾಸ ಪ್ರತಿ ಚಿತ್ರದೊಳಗೂ ಇರಲಿ, ಕತ್ತರಿಸಿ ತೆಗೆಯಬಹುದಾದ ಅಂಚಿನಲ್ಲಿ ಬೇಡ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗುಂಪುಗಳಿಗೆ ಪೂರ್ತಿ ಸಂಚಿಕೆ ಸುರಿಯುವ ಬದಲು ನಾಲ್ಕು ಪ್ಯಾನೆಲ್ ಕಳಿಸಿ, ಮುಂದಿನದಕ್ಕೆ ವಿಳಾಸ ಕೊಡಿ. ಸ್ವಂತ ವೆಬ್‌ಸೈಟ್ ಒಂದಿರಲೇಬೇಕು, ಬ್ಲಾಗರ್ ಆದರೂ ಸಾಕು. ವೇದಿಕೆಗಳು ನಿಯಮ ಬದಲಿಸಿದ ದಿನ ಹಳೆಯ ಸಂಚಿಕೆ ನಿಮ್ಮ ವೆಬ್‌ಸೈಟಿನಲ್ಲಿ ಸುರಕ್ಷಿತವಾಗಿರುತ್ತದೆ.

ಕಥೆ ಒಬ್ಬರದು, ಚಿತ್ರ ಇನ್ನೊಬ್ಬರದು ಆದರೆ ಗೆಳೆತನ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾಯಿಸುವಾಗ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಬಿಡಿಸಿದ ಕ್ಷಣದಿಂದಲೇ ಹಕ್ಕು ನಿಮ್ಮದು.

[ಪರದೆ: ಪ್ರಿಂಟಿಂಗ್ ಪ್ರೆಸ್, ಎ5 ಪುಸ್ತಕ]

ಆರೆಂಟು ಸಂಚಿಕೆ ಆದ ಮೇಲೆ ಪುಸ್ತಕ. ಪಿನ್ ಹೊಡೆದ ಪುಸ್ತಕಕ್ಕೆ ಪುಟಗಳು 4ರ ಗುಣಕದಲ್ಲಿರಬೇಕು: 24, 28, 32. ಸುತ್ತ 3 ಮಿ.ಮೀ. ಬ್ಲೀಡ್ (ಪುಟ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಡಿ. ಬಣ್ಣವನ್ನು ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಗಳ ಪದ್ಧತಿಗೆ) ಬದಲಿಸುವಾಗ ಅಕ್ಷರದ ಕಪ್ಪು ನಾಲ್ಕು ಶಾಯಿಗಳ ಮಿಶ್ರಣ ಆಗಿಬಿಡುತ್ತದೆ. ಮುದ್ರಣದಲ್ಲಿ ಒಂದು ಪ್ಲೇಟ್ ಕೂದಲಷ್ಟು ಜರುಗಿದರೂ ಒತ್ತಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ. ಅಕ್ಷರಕ್ಕೆ ಕಪ್ಪು ಶಾಯಿ ಮಾತ್ರ 100 ಇಡಿ, ಉಳಿದ ಮೂರು ಸೊನ್ನೆ. ಮಾತನ್ನು ಚಿತ್ರದೊಳಗೆ ಬೆರೆಸದೆ ವೆಕ್ಟರ್ ಆಗಿಯೇ (ಹಿಗ್ಗಿಸಿದರೂ ಮಸುಕಾಗದ ಗೆರೆಗಳಾಗಿ) ಪಿಡಿಎಫ್ ಮಾಡಿ. ಪ್ರೆಸ್ಸಿಗೆ ಎಲ್ಲ ಪ್ರತಿಗಳ ಆರ್ಡರ್ ಕೊಡುವ ಮುಂಚೆ, ಅತಿ ಹೆಚ್ಚು ಮಾತಿರುವ ಒಂದು ಪುಟದ ಪ್ರೂಫ್ ತೆಗೆಸಿ, ಕೈಯಲ್ಲಿ ಹಿಡಿದು ಓದಿ, ಆಮೇಲೆ ಮುಂಗಡ ಕೊಡಿ.