ಹೊಸ ಹಾಡುಗಳು ಯಾಕೆ ಒಂದೇ ಸಮ ಅರಚುತ್ತವೆ?

[ಪರದೆ: ಎರಡು ವೇವ್‌ಫಾರ್ಮ್, ಮೇಲೊಂದು ಕೆಳಗೊಂದು. ಮೇಲಿನದ್ದರಲ್ಲಿ ಚೂಪು ಚೂಪು ಏರಿಳಿತ. ಕೆಳಗಿನದ್ದು ಎರಡೂ ಅಂಚು ಕತ್ತರಿಸಿದಂಥ ದಪ್ಪ ಪಟ್ಟಿ.]

ನಿರೂಪಣೆ: ಮೇಲಿನದ್ದು 1980ರ ದಶಕದ ಸಿಡಿಗಳಲ್ಲಿ ಸಾಮಾನ್ಯವಾಗಿ ಕಾಣೋ ಸದ್ದಿನ ಅಲೆಯ ಆಕಾರ. ಕೆಳಗಿನದ್ದು 2000ದ ಈಚಿನ ಎಷ್ಟೋ ಹಿಟ್ ಹಾಡುಗಳದ್ದು. ವಾಲ್ಯೂಮ್ ಮುಟ್ಟದೆ ಒಂದಾದ ಮೇಲೊಂದು ಕೇಳಿದ್ರೆ ಕೆಳಗಿನದ್ದೇ ಚೆನ್ನಾಗಿದೆ ಅನ್ಸುತ್ತೆ. ಎರಡರ ಸದ್ದನ್ನೂ ಸಮ ಮಾಡಿ ಕೇಳಿದ್ರೆ ಆ ತೀರ್ಪು ಎಷ್ಟೋ ಸಲ ಉಲ್ಟಾ ಹೊಡೆಯುತ್ತೆ. ಹಾಗಾದ್ರೆ ಸಮ ಮಾಡೋದು ಹೇಗೆ, ಮಾಡಿದ ಮೇಲೆ ಏನನ್ನ ಕೇಳ್ಬೇಕು, ನೋಡೋಣ.

ಮೊದಲು ಕಿವಿಯ ವಿಚಾರ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಹತ್ತಲ್ಲ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು ಇದನ್ನ ಅಳೆದು ತೋರಿಸಿದ್ರು. ಸದ್ದು ಏರಿಸ್ತಾ ಹೋದ ಹಾಗೆ ಬೇಸ್ ತುಂಬ್ಕೊಂಡು ಬರುತ್ತೆ. ಒಂದು ಹಾಡು ಒಂದೇ ಡೆಸಿಬಲ್ ಜಾಸ್ತಿ ಇದ್ರೂ ಸಾಕು, ಅದು ಜೋರಾಗಿದೆ ಅಂತ ಗೊತ್ತಾಗೋ ಬದಲು "ಇದರ ಕ್ವಾಲಿಟಿ ಚೆನ್ನಾಗಿದೆ" ಅನ್ನಿಸಿಬಿಡುತ್ತೆ.

ಇದು ವ್ಯಾಪಾರಕ್ಕೆ ಯಾವತ್ತಿಂದಲೂ ಗೊತ್ತು. ಜೂಕ್‌ಬಾಕ್ಸ್, ಅಂದ್ರೆ ಕಾಸು ಹಾಕಿದ್ರೆ ಹಾಡು ಹಾಕೋ ಪೆಟ್ಟಿಗೆ, ಇದ್ದ ಕಾಲದಲ್ಲಿ ವಾಲ್ಯೂಮ್ ಇರ್ತಿದ್ದದ್ದು ಅಂಗಡಿಯವನ ಕೈಯಲ್ಲಿ. ಪಕ್ಕದ ಡಿಸ್ಕ್‌ಗಿಂತ ತಮ್ಮದು ಎದ್ದು ಕೇಳಲಿ ಅಂತ ಆಗಲೇ ಡಿಸ್ಕ್‌ನ ಗೀರುಗಳನ್ನ ಜೋರಾಗಿ ಕಟ್ ಮಾಡ್ತಿದ್ರು. ಆದ್ರೆ ವಿನೈಲ್ ಡಿಸ್ಕ್‌ಗೆ ಮಿತಿ ಇತ್ತು. ಅತಿಯಾದ್ರೆ ಸೂಜಿ ಹಾರುತ್ತೆ, ಒಂದು ಬದಿಯಲ್ಲಿ ಹಿಡಿಸೋ ನಿಮಿಷಗಳೂ ಕಮ್ಮಿ ಆಗುತ್ತೆ. 1982ರಲ್ಲಿ ಸಿಡಿ ಬಂದಾಗ ಆ ಭಯ ಹೋಯ್ತು. ಉಳಿದದ್ದು ಒಂದೇ ಗೆರೆ: ಸೊನ್ನೆ ಡೆಸಿಬಲ್ ಫುಲ್ ಸ್ಕೇಲ್. ಡಿಜಿಟಲ್‌ನಲ್ಲಿ ಅದರಾಚೆ ಜಾಗ ಇಲ್ಲ, ದಾಟಿದ ಅಲೆಯ ತುದಿ ಕತ್ತರಿಸಿ ಹೋಗುತ್ತೆ.

[ಪರದೆ: ಸ್ನೇರ್ ಡ್ರಮ್‌ನ ಒಂದೇ ಏಟು, ಹಿಗ್ಗಿಸಿದ ಚಿತ್ರ. ಮೊದಲ ಕೆಲವು ಮಿಲಿಸೆಕೆಂಡ್ ಕೆಂಪು ಬಣ್ಣದಲ್ಲಿ.]

ಹಾಗಾದ್ರೆ ಗೆರೆ ದಾಟದೆ ಸದ್ದು ಹೆಚ್ಚಿಸೋದು ಹೇಗೆ? ಈ ಸ್ನೇರ್ ಏಟು ನೋಡಿ. ಗೆರೆ ಮುಟ್ಟೋದು ಆ ಕೆಂಪು ಭಾಗ ಮಾತ್ರ. ಅದರ ಹಿಂದಿನ ಬಾಲ ತುಂಬಾ ತಗ್ಗಲ್ಲಿದೆ. ತುದಿಯನ್ನ 6 ಡೆಸಿಬಲ್ ಒತ್ತಿಬಿಟ್ರೆ ಇಡೀ ಹಾಡನ್ನ 6 ಡೆಸಿಬಲ್ ಮೇಲೆತ್ತಬಹುದು. ಒತ್ತೋ ಉಪಕರಣಕ್ಕೆ ಕಂಪ್ರೆಸರ್ ಅಂತಾರೆ. ಒಂದು ಚೂರೂ ದಾಟೋಕೆ ಬಿಡದೆ ಒತ್ತಿದ್ರೆ ಅದು ಲಿಮಿಟರ್.

ಕಂಪ್ರೆಸರ್‌ನಲ್ಲಿ ಅನುಪಾತ 4ಕ್ಕೆ 1 ಇಟ್ರೆ, ಥ್ರೆಶೋಲ್ಡ್, ಅಂದ್ರೆ ಒತ್ತೋಕೆ ಶುರು ಮಾಡೋ ಮಟ್ಟದ, ಮೇಲೆ 8 ಡೆಸಿಬಲ್ ಹೋಗಿದ್ದ ಸದ್ದು 2 ಡೆಸಿಬಲ್‌ಗೆ ಇಳಿಯುತ್ತೆ. ನಿಜವಾದ ಕಸುಬು ಇರೋದು ಅಟ್ಯಾಕ್ ಮತ್ತು ರಿಲೀಸ್‌ನಲ್ಲಿ, ಅಂದ್ರೆ ಒತ್ತೋಕೆ ಮತ್ತು ಬಿಡೋಕೆ ತಗೊಳ್ಳೋ ಸಮಯದಲ್ಲಿ. ಅಟ್ಯಾಕ್ 30 ಮಿಲಿಸೆಕೆಂಡ್ ಇದ್ರೆ ಕೋಲು ಚರ್ಮಕ್ಕೆ ಬಡಿದ ಆ "ಟಪ್" ಪಾರಾಗುತ್ತೆ, ಬಾಲವಷ್ಟೇ ತಗ್ಗುತ್ತೆ. 1 ಮಿಲಿಸೆಕೆಂಡ್ ಇಟ್ರೆ ಏಟೇ ಸಾಯುತ್ತೆ, ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತೆ. ರಿಲೀಸ್ ಇನ್ನೂ ನಾಜೂಕು. 50 ಹರ್ಟ್ಸ್‌ನ ಬೇಸ್ ಒಂದು ಸುತ್ತು ಮುಗಿಸೋಕೆ 20 ಮಿಲಿಸೆಕೆಂಡ್ ತಗೊಳ್ಳುತ್ತೆ. ರಿಲೀಸ್ 10 ಮಿಲಿಸೆಕೆಂಡ್ ಇದ್ರೆ ಆ ಒಂದು ಸುತ್ತಿನ ಒಳಗೇ ಒತ್ತಿ ಬಿಟ್ಟು ಮಾಡುತ್ತೆ, ಅಲೆಯ ಆಕಾರ ಕೆಟ್ಟು ಬೇಸ್ ಗೊರಗೊರ ಅನ್ನುತ್ತೆ. ನಿಧಾನ ಆದ್ರೆ ಪ್ರತಿ ಕಿಕ್ ಡ್ರಮ್ ಏಟು ಬಿದ್ದಾಗಲೂ ಹಾಡೋರ ದನಿ ಮುಳುಗಿ ಮತ್ತೆ ಏಳುತ್ತೆ. ಅದನ್ನ ಪಂಪಿಂಗ್ ಅಂತಾರೆ.

ಈ ಪೈಪೋಟಿ ಜನರ ಬಾಯಿಗೆ ಬಂದದ್ದು 2008ರಲ್ಲಿ. ಅಮೆರಿಕದ ರಾಕ್ ತಂಡ ಮೆಟಾಲಿಕಾದ ಡೆತ್ ಮ್ಯಾಗ್ನೆಟಿಕ್ ಸಿಡಿ ವಿಪರೀತ ಒತ್ತಿದ್ದರಿಂದ ಸದ್ದು ಒಡೀತಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೋ ಗೇಮ್‌ನಲ್ಲಿ ಅಷ್ಟು ಒತ್ತಡ ಇಲ್ಲದೆ ಬಂದಿದ್ವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ರು. ಹೋಲಿಸೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗೋದು ಕಷ್ಟ.

[ಪರದೆ: ದೊಡ್ಡ ಅಕ್ಷರದಲ್ಲಿ −14 ಎಲ್‌ಯುಎಫ್‌ಎಸ್]

ಈಗ ಸ್ಟ್ರೀಮಿಂಗ್. ತುದಿ ಎಲ್ಲಿ ಮುಟ್ಟಿತು ಅನ್ನೋದರ ಬದಲು ಕಿವಿಗೆ ಎಷ್ಟು ಜೋರು ಅನ್ನೋದನ್ನ ಅಳೆಯೋ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂತು. ಅದರ ಮಾಪನವೇ ಎಲ್‌ಯುಎಫ್‌ಎಸ್, ಸೊನ್ನೆಗೆ ಹತ್ತಿರ ಆದಷ್ಟೂ ಜೋರು. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನ −14ಕ್ಕೆ ತರುತ್ತೆ. ಆಪಲ್ ಮ್ಯೂಸಿಕ್‌ನಲ್ಲಿ ಸೌಂಡ್ ಚೆಕ್ ಆನ್ ಇದ್ರೆ −16. ಯೂಟ್ಯೂಬ್ −14ರ ಆಸುಪಾಸು, ಆದ್ರೆ ಅದು ಜೋರಿದ್ದದ್ದನ್ನ ಇಳಿಸುತ್ತೆ ಅಷ್ಟೇ, ಸಣ್ಣ ಸದ್ದನ್ನ ಏರಿಸಲ್ಲ.

ಲೆಕ್ಕ ಹಾಕಿ ನೋಡೋಣ. ಮೊದಲ ಹಾಡು −8 ಎಲ್‌ಯುಎಫ್‌ಎಸ್, ತುದಿ −1. ಎರಡನೇದು −14, ತುದಿ ಅದೂ −1. ಸ್ಪಾಟಿಫೈ ಮೊದಲನೇದನ್ನ 6 ಡೆಸಿಬಲ್ ಇಳಿಸುತ್ತೆ, ತುದಿ −7ಕ್ಕೆ ಬೀಳುತ್ತೆ. ಎರಡನೇದನ್ನ ಮುಟ್ಟೋದೇ ಇಲ್ಲ. ಈಗ ಎರಡರ ಸರಾಸರಿ ಸದ್ದೂ ಒಂದೇ, ಆದ್ರೆ ಎರಡನೇ ಹಾಡಿನ ಡ್ರಮ್ ಏಟು 6 ಡೆಸಿಬಲ್ ಎತ್ತರ, ಅಂದ್ರೆ ಅಲೆಯ ಎತ್ತರ ಸುಮಾರು ಎರಡು ಪಟ್ಟು. ಜೋರಾಗಲಿ ಅಂತ ಒತ್ತಿದ ಹಾಡಿಗೆ ಜೋರೂ ಸಿಗಲಿಲ್ಲ, ಏಟೂ ಉಳಿಯಲಿಲ್ಲ.

ಇಷ್ಟಾದ್ರೂ ಒತ್ತೋದು ಯಾಕೆ ನಿಂತಿಲ್ಲ ಅಂದ್ರೆ, ಹೀಗೆ ಸದ್ದು ಸಮ ಮಾಡೋ ನಾರ್ಮಲೈಸೇಶನ್ ಎಲ್ಲಾ ಕಡೆ ಆನ್ ಇರಲ್ಲ. ಅದಕ್ಕಿಂತ ದೊಡ್ಡ ಕಾರಣ ಅಭ್ಯಾಸ. ಡೆಮೋ ಜೋರಾಗಿಲ್ಲ ಅಂದ್ರೆ ಹಾಡು ಮಾಡಿಸಿದವರು ಒಪ್ಪಲ್ಲ.

[ಪರದೆ: ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್, ಮೆನುವಿನಲ್ಲಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್]

ನೀವೇ ನೋಡೋಕೆ ಸುಲಭದ ದಾರಿ ಇದು. ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದ್ರೆ ವಾಲ್ಯೂಮ್ ಅನ್ನೋ ಸಾಲಿನಲ್ಲಿ ಎರಡು ಶೇಕಡಾ ಸಂಖ್ಯೆ, ಪಕ್ಕದಲ್ಲಿ ಕಂಟೆಂಟ್ ಲೌಡ್‌ನೆಸ್ ಇರುತ್ತೆ. ಅಲ್ಲಿ 5.2 ಡೆಸಿಬಲ್ ಅಂತಿದ್ರೆ ಹಾಡು ಅಷ್ಟು ಮಿತಿ ಮೀರಿದೆ, ಯೂಟ್ಯೂಬ್ ಅದನ್ನ ಸುಮಾರು 55 ಶೇಕಡಾಕ್ಕೆ ಇಳಿಸಿ ಕೇಳಿಸ್ತಿದೆ ಅಂತ ಅರ್ಥ. ಮೈನಸ್ ಇದ್ರೆ ಇಳಿಸಿಲ್ಲ. ನಿಮ್ಮ ಪ್ಲೇಯರ್‌ನಲ್ಲಿ ಸ್ಟೇಬಲ್ ವಾಲ್ಯೂಮ್ ಅನ್ನೋ ಆಯ್ಕೆ ಕಂಡ್ರೆ ಮೊದಲು ಆಫ್ ಮಾಡಿ. ಅದೂ ಏರಿಳಿತವನ್ನ ಒತ್ತೋದೇ, ಹೋಲಿಕೆ ಕೆಡುತ್ತೆ.

ಸರಿಯಾಗಿ ಹೋಲಿಸ್ಬೇಕು ಅಂದ್ರೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಸಾಕು, ಉಚಿತ. ನಿಮ್ಮ ಬಳಿ ಇರೋ ಎರಡು ಹಾಡಿನ ವೇವ್ ಅಥವಾ ಫ್ಲ್ಯಾಕ್ ಫೈಲ್ ಎಳೆದು ಹಾಕಿ. ಒಂದೊಂದನ್ನೇ ಆರಿಸಿ, ಎಫೆಕ್ಟ್ ಮೆನುವಿನ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ −23 ಕೊಡಿ. −14 ಕೊಡಬೇಡಿ. ಏರಿಳಿತ ಜಾಸ್ತಿ ಇರೋ ಹಾಡನ್ನ ಅಷ್ಟು ಎತ್ತಿದ್ರೆ ಅದರ ತುದಿ ಸೊನ್ನೆ ದಾಟಿ ಒಡೆಯುತ್ತೆ, ಆಮೇಲೆ ಹಾಡಿನ ಮೇಲೆ ತಪ್ಪು ಹೊರಿಸ್ತೀರ. ಸದ್ದು ಕಮ್ಮಿ ಅನ್ಸಿದ್ರೆ ಹೆಡ್‌ಫೋನ್ ವಾಲ್ಯೂಮ್ ಏರಿಸಿ, ಒಮ್ಮೆ ಏರಿಸಿದ ಮೇಲೆ ಮುಟ್ಟಬೇಡಿ. ಸೋಲೋ ಬಟನ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರಿ. ಒಂದೇ ಹಾಡಿನ ಹಳೇ ಸಿಡಿ ಮತ್ತು ಹೊಸದಾಗಿ ತಯಾರಿಸಿದ ರೀಮಾಸ್ಟರ್ ಆದ್ರಂತೂ ವ್ಯತ್ಯಾಸ ತಕ್ಷಣ ಸಿಗುತ್ತೆ.

ಕೇಳ್ಬೇಕಾದ್ದು ಎಲ್ಲಿ? ಚರಣದಿಂದ ಪಲ್ಲವಿಗೆ ಬರೋ ಜಾಗದಲ್ಲಿ. ವಾದ್ಯಗಳು ಹೆಚ್ಚಾದ್ರೂ ಹಾಡು ದೊಡ್ಡದಾಗಲಿಲ್ಲ ಅಂದ್ರೆ ಮೇಲೆ ಜಾಗ ಮೊದಲೇ ಮುಗಿದಿತ್ತು ಅಂತ. ಆಮೇಲೆ ಸಿಂಬಲ್. ಬಾರಿಸಿದ ಮೇಲೆ ತಾನಾಗೇ ಕರಗೋ ಬದಲು "ಶ್ಶ್" ಅಂತ ಒಂದೇ ಮಟ್ಟದಲ್ಲಿ ನಿಂತ್ರೆ, ಲಿಮಿಟರ್ ಒತ್ತಡ ಸಡಿಲಿಸ್ತಾ ಅದನ್ನ ಮೇಲೆತ್ತುತ್ತಿದೆ ಅಂತ. ಉಸಿರೆಳೆಯೋ ಸದ್ದು ಮಾತಿನಷ್ಟೇ ಜೋರಿದ್ರೆ ಅದೂ ಗುರುತು.

ಒತ್ತಿದ್ದೆಲ್ಲಾ ಕೆಟ್ಟದ್ದು ಅಂತ ತೀರ್ಮಾನ ಮಾಡೋದು ಮಾತ್ರ ಸೋಮಾರಿತನ. ಡ್ಯಾನ್ಸ್ ಸಂಗೀತದಲ್ಲಿ ಕಿಕ್ ಬಿದ್ದಾಗ ಸಿಂಥ್ ತಗ್ಗೋದು ಬೇಕಂತಲೇ ಮಾಡಿದ್ದು, ಆ ಉಯ್ಯಾಲೆಯೇ ಅದರ ಲಯ. ಟ್ರ್ಯಾಪ್ ಅನ್ನೋ ಹಿಪ್‌ಹಾಪ್ ಬಗೆಯಲ್ಲಿ ಒಡೆದ 808 (ಹಳೇ ಡ್ರಮ್ ಮೆಷಿನ್‌ನ) ಬೇಸ್ ಇಲ್ಲದಿದ್ರೆ ಪುಟ್ಟ ಫೋನ್ ಸ್ಪೀಕರ್‌ನಲ್ಲಿ ಬೇಸ್ ಇದೆ ಅಂತಲೇ ಗೊತ್ತಾಗಲ್ಲ, ಒಡೆದಾಗ ಹುಟ್ಟೋ ಮೇಲಿನ ಸ್ವರಾಂಶಗಳನ್ನೇ ಆ ಸ್ಪೀಕರ್ ಕೇಳಿಸೋದು. ಗದ್ದಲದಲ್ಲಿ ಇಯರ್‌ಬಡ್ ಹಾಕ್ಕೊಂಡು ಕೇಳೋರಿಗೆ ಪಿಸುಮಾತಿನ ಸಾಲು ಮುಳುಗದೆ ಉಳಿಯೋದೂ ಕಂಪ್ರೆಷನ್ ಇರೋದ್ರಿಂದಲೇ.

ಇನ್ನೊಂದು ಜನಪ್ರಿಯ ತಪ್ಪು: ವಿನೈಲ್ ರೆಕಾರ್ಡ್ ಮಾಡ್ಕೊಂಡು ಅಳೆದು "ನೋಡಿ, ಡೈನಾಮಿಕ್ ರೇಂಜ್ (ಏರಿಳಿತ) ಜಾಸ್ತಿ ಇದೆ" ಅನ್ನೋದು. ಅದೇ ಒತ್ತಿದ ಮಾಸ್ಟರ್‌ನಿಂದ, ಅಂದ್ರೆ ಹಾಡಿನ ಅಂತಿಮ ಪ್ರತಿಯಿಂದ, ವಿನೈಲ್ ಕಟ್ ಮಾಡಿದ್ರೂ, ಫಿಲ್ಟರ್ ಮತ್ತು ಅಲೆಗಳ ಫೇಸ್ (ಸಮಯದ ಹೊಂದಾಣಿಕೆ) ಬದಲಾವಣೆಯಿಂದ ಚಪ್ಪಟೆ ತುದಿಗಳು ಓರೆಯಾಗಿ ಮೇಲೇಳುತ್ತವೆ. ಮೀಟರ್‌ನಲ್ಲಿ ಸಂಖ್ಯೆ ಚೆನ್ನಾಗಿ ಬರುತ್ತೆ, ಹೋದ ಏಟು ವಾಪಸ್ ಬರಲ್ಲ. ಇದರ ಉಲ್ಟಾ ಡಾಲ್ಬಿ ಆಟ್ಮಾಸ್, ಅಂದ್ರೆ ಸುತ್ತಲಿಂದ ಕೇಳಿಸೋ ಹಾಗೆ ಮಾಡಿದ ಮಿಕ್ಸ್. ಆಪಲ್ ಮ್ಯೂಸಿಕ್‌ಗೆ ಕೊಡೋ ಆಟ್ಮಾಸ್ ಮಿಕ್ಸ್ −18ಕ್ಕಿಂತ ಜೋರಿರೋ ಹಾಗಿಲ್ಲ. "ವಾಲ್ಯೂಮ್ ಕಮ್ಮಿ" ಅಂತ ಬೈಸ್ಕೊಳ್ಳೋ ಆ ಆವೃತ್ತಿಯನ್ನ ಒಮ್ಮೆ ವಾಲ್ಯೂಮ್ ಏರಿಸಿ ಕೇಳಿ.

[ಪರದೆ: ಲೌಡ್‌ನೆಸ್ ಮೀಟರ್, ಟ್ರೂ ಪೀಕ್ ಅಂಕಿ ಕೆಂಪಾಗುತ್ತಿದೆ]

ಸ್ವಂತ ಹಾಡು ಅಪ್‌ಲೋಡ್ ಮಾಡೋರಿಗೆ: −14 ಅನ್ನೋದು ಪ್ಲೇಯರ್‌ನ ಮಟ್ಟ, ಅದಕ್ಕಾಗಿ ಹಾಡನ್ನ ಬಗ್ಗಿಸಬೇಡಿ. ಹಾಡಿಗೆ −11 ಹೊಂದಿದ್ರೆ −11ರಲ್ಲೇ ಬಿಡಿ. ಯೂಲೀನ್ ಕಂಪನಿಯ ಉಚಿತ ಲೌಡ್‌ನೆಸ್ ಮೀಟರ್ ಹಾಕಿ ಹಾಡನ್ನ ಮೊದಲಿಂದ ಕೊನೆವರೆಗೆ ಓಡಿಸಿ, ಅರ್ಧಕ್ಕೆ ನಿಲ್ಲಿಸಿದ್ರೆ ಇಂಟಿಗ್ರೇಟೆಡ್, ಅಂದ್ರೆ ಇಡೀ ಹಾಡಿನ ಸರಾಸರಿ, ಅಂಕಿ ಸುಳ್ಳು ಹೇಳುತ್ತೆ. ಟ್ರೂ ಪೀಕ್, ಅಂದ್ರೆ ಅಲೆಯ ನಿಜವಾದ ತುದಿ, −1 ದಾಟಬಾರದು. ಹಾಡು −14ಕ್ಕಿಂತ ಜೋರಿದ್ರೆ −2ರಲ್ಲಿ ನಿಲ್ಲಿಸಿ ಅಂತ ಸ್ಪಾಟಿಫೈಯೇ ಹೇಳುತ್ತೆ, ಯಾಕಂದ್ರೆ ಓಗ್ ಅಥವಾ ಎಎಸಿ ಫೈಲ್‌ಗೆ ಕುಗ್ಗಿಸುವಾಗ ತುದಿಗಳು ಇನ್ನಷ್ಟು ಏರಿ ಒಡೆಯಬಹುದು. ಎಕ್ಸ್‌ಪೋರ್ಟ್ 24 ಬಿಟ್ ವೇವ್, ಎಂಪಿ3 ಬೇಡ.