ಕೊಂಡಿ ಕೊಟ್ಟವರು ಯಾರು?

ನಮಸ್ಕಾರ. ಮೂರು ವಾರಗಳಿಂದ ವಿವಾಲ್ಡಿ ಎಂಬ ಬ್ರೌಸರ್ ಬಳಸುತ್ತಿದ್ದೇನೆ. ಒಪೇರಾ ಬ್ರೌಸರ್ ಕಟ್ಟಿದವರಲ್ಲೊಬ್ಬರು ಅಲ್ಲಿಂದ ಹೊರಬಂದು ಶುರುಮಾಡಿದ ಬ್ರೌಸರ್ ಇದು. ಮೊದಲ ಪೂರ್ಣ ಆವೃತ್ತಿ ಬಂದದ್ದು 2016ರಲ್ಲಿ. ಒಳಗಿರುವುದು ಕ್ರೋಮ್‌ನ ತಳಹದಿಯಾದ ಕ್ರೋಮಿಯಂ. ಹಾಗಾಗಿ ವೇಗದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನನ್ನ ಮನಸ್ಸು ಹಿಡಿದದ್ದು ಅದರ ಎಡಬದಿಯ ಪಟ್ಟಿ.

ಆ ಪಟ್ಟಿಯಲ್ಲಿ ಫೀಡ್ ರೀಡರ್ ಇದೆ. ನಾನು ಆರಿಸಿದ ತಾಣಗಳಲ್ಲಿ ಹೊಸ ಬರಹ ಬಂದರೆ ಅಲ್ಲೇ ಕಾಣುತ್ತದೆ. ಅದರ ಪಕ್ಕದಲ್ಲೇ, ಹಲವು ಸರ್ವರ್‌ಗಳಲ್ಲಿ ಹರಡಿರುವ ಸಾಮಾಜಿಕ ಜಾಲ ಮಾಸ್ಟೊಡಾನ್ ಇಟ್ಟುಕೊಂಡು, 'ಕನ್ನಡ' ಎಂಬ ಹ್ಯಾಶ್‌ಟ್ಯಾಗ್ ಹಿಂಬಾಲಿಸುತ್ತಿದ್ದೇನೆ. ಮೊನ್ನೆ ರಾತ್ರಿ ಯಾರೋ ತಮ್ಮೂರಿನ ವೀರಗಲ್ಲಿನ ಚಿತ್ರ ಹಾಕಿದ್ದರು. ಮೇಲೆಲ್ಲ ಸುಣ್ಣ ಬಳಿದಿತ್ತು, ಅರ್ಧ ಸಾಲು ಮಾತ್ರ ಕಾಣುತ್ತಿತ್ತು. ಒಬ್ಬರು ಒಂದು ಅಕ್ಷರವನ್ನು 'ವ' ಎಂದು ಓದಿದರು, ಇನ್ನೊಬ್ಬರು ಅಲ್ಲ, ಅದು 'ಮ' ಎಂದರು. ಮೂರನೆಯವರು ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟವೊಂದರ ಕೊಂಡಿ ಕೊಟ್ಟು, ಪುಟಸಂಖ್ಯೆಯನ್ನೂ ಬರೆದರು. ಹನ್ನೆರಡೂವರೆಯವರೆಗೆ ಆ ಸಂಪುಟ ತಿರುವುತ್ತಾ ಕುಳಿತೆ.

ಮೊಬೈಲ್‌ನಲ್ಲಿ 'ನಿಮಗಾಗಿ' ಎಂದು ತಂದು ಸುರಿಯುವ ಯಾವ ಯಂತ್ರವೂ ಇದನ್ನು ನನಗೆ ತೋರಿಸಿರಲಿಲ್ಲ. ನಾನು ಯಾವುದರ ಮುಂದೆ ಎಷ್ಟು ಹೊತ್ತು ನಿಂತೆ ಎಂಬುದನ್ನು ಅದು ಅಳೆಯುತ್ತದೆ. ಓದಿ ಮೆಚ್ಚಿ ಕೊಟ್ಟವರು ಯಾರು ಎಂದು ಹೇಳುವುದಿಲ್ಲ. ನನಗೆ ಬೇಕಾದದ್ದು ಆ ಹೆಸರೇ.

ಹಿಂದೆ ಕೊಂಡಿಗಳನ್ನು ಉಳಿಸಿಡುವ ಡೆಲಿಷಿಯಸ್ ಎಂಬ ತಾಣವಿತ್ತು, ನೆನಪಿದೆಯೇ? ನಾನು ಉಳಿಸಿಟ್ಟ ಪುಟವನ್ನೇ ಇನ್ನಾರು ಉಳಿಸಿದ್ದಾರೆ ಎಂದು ನೋಡಬಹುದಿತ್ತು. ಅವರ ಹೆಸರು ಒತ್ತಿದರೆ ಅವರ ಇಡೀ ಸಂಗ್ರಹ ತೆರೆಯುತ್ತಿತ್ತು, ಅಪರಿಚಿತರ ಮನೆಯ ಪುಸ್ತಕದ ಕಪಾಟಿನ ಮುಂದೆ ನಿಂತ ಹಾಗೆ. ಸ್ಟಂಬಲ್‌ಅಪಾನ್ ಎಂಬ ತಾಣದ ಗುಂಡಿ ಒತ್ತಿದರೆ ಇತರರು ಮೆಚ್ಚಿದ ಯಾವುದೋ ಪುಟ ಎದುರಾಗುತ್ತಿತ್ತು. ಗೆಳೆಯರ ಚಿತ್ರ, ಕೊಂಡಿಗಳನ್ನೆಲ್ಲ ಬ್ರೌಸರ್ ಒಳಗೇ ತಂದಿದ್ದ ಫ್ಲಾಕ್ ಎಂಬ ಬ್ರೌಸರ್ 2011ರಲ್ಲಿ ನಿಂತಿತು. ಫೀಡ್ ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ, ಸ್ಟಂಬಲ್‌ಅಪಾನ್ 2018ರಲ್ಲಿ ಮುಚ್ಚಿದವು. ಹೊಸದನ್ನು ಹಿಡಿಯುವಾಗ ಇದೂ ಮುಚ್ಚೀತೆಂಬ ಭಯ ಸಹಜ, ನನಗೂ ಇದೆ.

ಮಾಸ್ಟೊಡಾನ್‌ನಲ್ಲಿ ಕನ್ನಡದವರು ಕಡಿಮೆ ಎಂಬುದೂ ನಿಜ. ಎರಡು ದಿನ ಏನೂ ಬಾರದೆ ಖಾಲಿ ಇರುವುದುಂಟು. ಮೊದಲು ಯಾವ ಸರ್ವರ್ ಸೇರಬೇಕು ಎಂಬಲ್ಲೇ ಹಲವರು ಕೈಬಿಡುತ್ತಾರೆ. ಆದರೂ ಬನ್ನಿ ಎನ್ನುತ್ತೇನೆ. ನಾಲ್ಕು ಜನ ಬರೆದರೆ ಐದನೆಯವರಿಗೆ ಓದಲು ಏನಾದರೂ ಸಿಗುತ್ತದೆ.

ಒಂದು ಕೆಲಸವನ್ನು ಮಾತ್ರ ಮೊದಲ ದಿನವೇ ಮಾಡಿ. ನಿಮ್ಮ ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಮಾದರಿಯ ಕಡತವಾಗಿ ಇಳಿಸಿಟ್ಟುಕೊಳ್ಳಿ. ಬ್ರೌಸರ್ ನಾಳೆ ನಿಂತರೂ ಆ ಪಟ್ಟಿಯನ್ನು ಬೇರೆ ರೀಡರ್‌ನಲ್ಲಿ ತೆರೆಯಬಹುದು. ನಾನು ನನ್ನ ಕಡತವನ್ನು ಶಿವಮೊಗ್ಗದಲ್ಲಿರುವ ಅಕ್ಕನಿಗೂ ಕಳುಹಿಸಿದೆ. ಅವಳು ಅದರಲ್ಲಿ ಎರಡನ್ನು ಅಳಿಸಿ, ತನ್ನ ಮೂರನ್ನು ಸೇರಿಸಿ, ಮರುದಿನ ನನಗೇ ತಿರುಗಿ ಕಳುಹಿಸಿದಳು. ಆ ಮೂರರಲ್ಲಿ ಒಂದು ಹಕ್ಕಿಗಳ ಬಗ್ಗೆ. ಈಗ ಬೆಳಿಗ್ಗೆ ಮೊದಲು ತೆರೆಯುವುದು ಅದನ್ನೇ.