ಆ ‘ಬಿಡಿ’ ಅನ್ನೋ ಮಾತಿನ ಮೇಲೆ ನನ್ನ ತಕರಾರು

ಸೆಸ್ನಾ 172 ಆಗಲಿ, ಪೈಪರ್ ಚೆರೋಕಿ ಆಗಲಿ, ಇಂಥ ಯಾವುದೇ ಸಣ್ಣ ವಿಮಾನ ಸಿಕ್ಕರೆ ಒಂದು ಸಲ ಅದರ ಹೊಟ್ಟೆ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಾಕಿ ನೋಡಿ. ಎಂಜಿನ್ ಕವಚ ಮುಗಿಯೋ ಜಾಗದಿಂದ ಬಾಲದ ಕಡೆಗೆ ಕಂದು ಗೆರೆಗಳು ಹರಿದಿರ್ತವೆ. ಬೆರಳಿಟ್ಟರೆ ಜಿಡ್ಡು. ಇದೇನು ಅಂತ ಯಾರನ್ನಾದರೂ ಕೇಳಿ, “ಅಯ್ಯೋ, ಸಣ್ಣ ವಿಮಾನ ಅಂದ್ಮೇಲೆ ಆಯಿಲ್ ಸೋರೋದೇ, ಬಿಡಿ” ಅಂತಾರೆ. ಆ ‘ಬಿಡಿ’ ಇದೆಯಲ್ಲ, ನನಗೆ ತಕರಾರಿರೋದು ಅದರ ಮೇಲೇ.

ಮಾತು ಪೂರ್ತಿ ಸುಳ್ಳಲ್ಲ. ಪಿಸ್ಟನ್ ರಿಂಗುಗಳನ್ನ ದಾಟಿ ಸ್ವಲ್ಪ ಬಿಸಿ ಅನಿಲ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ಒಡಲಿಗೆ, ನುಗ್ಗೇ ನುಗ್ಗುತ್ತೆ. ಅದು ಹೊರಗೆ ಹೋಗೋಕೆ ಒಂದು ಬ್ರೀದರ್ ಪೈಪು ಇರುತ್ತೆ, ಅದರ ಬಾಯಿ ಕವಚದ ಕೆಳಗೆ. ಅನಿಲದ ಜೊತೆ ನೀರಾವಿ, ಆಯಿಲಿನ ಹನಿ ಎರಡೂ ಬರ್ತವೆ. ಹಾಗಾಗಿ ಆ ಬಾಯಿಯಿಂದ ಶುರುವಾದ ತೆಳು ಗೆರೆಗೆ ನಾನು ನಿದ್ದೆಗೆಡಲ್ಲ. ಅಲ್ಲೂ ಅರ್ಧ ತಪ್ಪು ನಮ್ಮದೇ. 8 ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಲೀಟರಿಗಿಂತ ಚೂರು ಕಮ್ಮಿ) ಆಯಿಲ್ ಹಿಡಿಯೋ ಲೈಕಮಿಂಗ್ ಕಂಪನಿಯ ಓ-320 ಎಂಜಿನ್‌ಗೆ ಕಂಠಪೂರ್ತಿ 8 ತುಂಬಿದರೆ, ಮೇಲಿನ ಒಂದೆರಡು ಕ್ವಾರ್ಟನ್ನ ಅದು ಕೆಲವೇ ಗಂಟೆಯಲ್ಲಿ ಬ್ರೀದರಿನಿಂದ ಉಗುಳಿಬಿಡುತ್ತೆ. ಆಮೇಲೆ 6ರ ಹತ್ತಿರ ಬಂದು ಸುಮ್ಮನಾಗುತ್ತೆ. ನಾವು “ಆಯಿಲ್ ಇಳಿದಿದೆ” ಅಂತ ಮತ್ತೆ ತುಂಬ್ತೀವಿ, ಅದು ಮತ್ತೆ ಉಗುಳುತ್ತೆ, ನಾವು ಮತ್ತೆ ಒರೆಸ್ತೀವಿ. ನಾನೂ ಒಂದು ವರ್ಷ ಈ ಪೂಜೆ ಮಾಡಿದ್ದೀನಿ.

ಹೊಟ್ಟೆ ನೋಡಿ ಎಷ್ಟು ಸೋರಿದೆ ಅಂತ ಅಳೆಯೋಕೂ ಆಗಲ್ಲ. ಒಂದು ಚಮಚ ಆಯಿಲನ್ನ ಗಾಳಿ ಹರಡಿಬಿಟ್ಟರೆ ಒಂದು ಲೀಟರ್ ಹೋದಂಗೆ ಕಾಣುತ್ತೆ. ಅಳತೆ ಬೇಕಿದ್ದರೆ ಆಯಿಲ್ ಮಟ್ಟ ತೋರಿಸೋ ಡಿಪ್‌ಸ್ಟಿಕ್ ಕಡ್ಡಿ ನೋಡಿ, ಗಂಟೆಗೆ ಎಷ್ಟು ಇಳೀತು ಅಂತ ಬರೆದಿಡಿ. ಲೈಕಮಿಂಗ್ ಸೂತ್ರದ ಪ್ರಕಾರ 160 ಅಶ್ವಶಕ್ತಿಯ ಎಂಜಿನ್ ಗಂಟೆಗೆ ಸುಮಾರು ಅರ್ಧ ಕ್ವಾರ್ಟ್ ತನಕ ಕುಡೀಬಹುದು. ಆರೋಗ್ಯವಾಗಿರೋ ಎಂಜಿನ್ ಅಷ್ಟೆಲ್ಲ ಕುಡಿಯಲ್ಲ ಅನ್ನೋದು ಬೇರೆ ಮಾತು.

ಈಗ ನನ್ನ ಪೆದ್ದುತನದ ಕತೆ. ನಾವು ನಾಲ್ಕು ಜನ ಸೇರಿ ಹಾರಿಸೋ ವಿಮಾನ ಅದು. ಹೊಟ್ಟೆಯ ಬಲಗಡೆ ಒಂದು ಹೊಸ ಗೆರೆ ಬಂತು. ಬ್ರೀದರ್ ಇರೋದು ಎಡಗಡೆ. ಮೂರು ಹಾರಾಟ, ಮೂರು ಸಲವೂ ಬಟ್ಟೆ ತಗೊಂಡು ಒರೆಸಿ ಬೀಗ ಹಾಕಿ ಹೋದೆ. ನಾಲ್ಕನೇ ಸಲ ಮೆಕ್ಯಾನಿಕ್ ಮೇಲಿನ ಕವಚ ಬಿಚ್ಚಿ, ಎಂಜಿನ್ ಹಿಂದಕ್ಕೆ ಸಣ್ಣ ಕನ್ನಡಿ ಹಿಡಿದು, “ಇಲ್ಲಿ ನೋಡಿ ಸಾರ್” ಅಂದರು. ಗಾಳಿ ಎಳೆಯೋ ವ್ಯಾಕ್ಯೂಮ್ ಪಂಪು ಕೂರೋ ಜಾಗದ ಸೀಲು ಜಿನುಗ್ತಾ ಇತ್ತು, ಪಂಪಿನ ಬುಡ ಒದ್ದೆ. ನಮ್ಮದು ಆಯಿಲ್ ಇಲ್ಲದೆ ನಡೆಯೋ ಒಣ ಪಂಪು, ಅದರೊಳಗೆ ತಿರುಗೋ ರೆಕ್ಕೆಗಳು ಕಾರ್ಬನ್ನಿನವು. ಅದಕ್ಕೆ ಆಯಿಲ್ ಸೇರಿದರೆ ಕಾರ್ಬನ್ ಪುಡಿ ಅಂಟಂಟಾಗಿ ಒಂದಿನ ರೆಕ್ಕೆ ಮುರಿಯುತ್ತೆ. ನಮ್ಮ ವಿಮಾನದಲ್ಲಿ ದಿಗಂತ ತೋರಿಸೋ ಗೈರೊ ಮೀಟರ್ ನಡೆಯೋದೇ ಆ ಪಂಪಿನಿಂದ. ಮೋಡದೊಳಗೆ ಅದು ಮೆಲ್ಲಗೆ ವಾಲಿಕೊಂಡು ಮಲಗಿದರೆ ಏನಾಗುತ್ತೆ ಅಂತ ವಿಮಾನ ಹಾರಿಸೋರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಸುದ್ದಿ ಮೂರು ಸಲ ಬಂದಿತ್ತು, ಮೂರು ಸಲವೂ ನಾನೇ ಒರೆಸಿ ಹಾಕಿದ್ದೆ.

ಹಾಗಂತ ಒರೆಸಬೇಡಿ ಅಂತಲ್ಲ. ಮೊದಲು ನೋಡಿ, ಆಮೇಲೆ ಒರೆಸಿ. ಹಳೇ ಜಿಡ್ಡಿನ ಮೇಲೆ ಹೊಸ ಗೆರೆ ಕಾಣಲ್ಲ, ಅದಕ್ಕೇ ಹೊಟ್ಟೆ ಚೊಕ್ಕಟವಾಗಿರಬೇಕು ಅಂತ ನಾನು ಹಟ ಹಿಡಿಯೋದು. ಮೂಲ ಹುಡುಕಬೇಕು ಅಂದರೆ ಕಿಡಿಗೆ ಕರೆಂಟ್ ಕೊಡೋ ಮ್ಯಾಗ್ನೆಟೊ, ಆಲ್ಟರ್ನೇಟರ್, ವ್ಯಾಕ್ಯೂಮ್ ಪಂಪು ಇವಕ್ಕೆ ಪ್ಲಾಸ್ಟಿಕ್ ಕಟ್ಟಿ, ಎಂಜಿನ್ ತೊಳೆದು ಒಣಗಿಸಿ. ಕಟ್ಟಿದ್ದನ್ನೆಲ್ಲ ಬಿಚ್ಚಿ ಸ್ವಲ್ಪ ಹೊತ್ತು ನೆಲದ ಮೇಲೇ ಓಡಿಸಿ, ನಿಲ್ಲಿಸಿ ಟಾರ್ಚ್ ಹಾಕಿ ಹುಡುಕಿ. ಗಾಳಿ ಮುಂದಿನಿಂದ ಬಂದು ಸಿಲಿಂಡರುಗಳ ಸಂದಿಯಲ್ಲಿ ಕೆಳಗಿಳಿದು ಹಿಂದೆ ಹೋಗೋದರಿಂದ, ಹನಿ ಕಂಡ ಜಾಗಕ್ಕಿಂತ ಮೇಲಕ್ಕೆ, ಮುಂದಕ್ಕೆ ಕಣ್ಣು ಹಾಯಿಸಿ. ಸಿಲಿಂಡರ್ ತಲೆಯ ವಾಲ್ವುಗಳನ್ನ ಮುಚ್ಚೋ ರಾಕರ್ ಕವರಿನ ಗ್ಯಾಸ್ಕೆಟ್, ವಾಲ್ವು ತಳ್ಳೋ ಪುಶ್‌ರಾಡ್ ಕೊಳವೆಯ ಸೀಲು, ಆಯಿಲ್ ವಾಪಸ್ ಇಳಿಯೋ ರಬ್ಬರ್ ಪೈಪಿನ ಕ್ಲಾಂಪು, ಬಹುಪಾಲು ಇವರೇ ಕಳ್ಳರು. ಸ್ಕ್ರೂ ಡ್ರೈವರ್ ಸಿಕ್ಕಿತು ಅಂತ ರಾಕರ್ ಕವರನ್ನ ಬಲವಾಗಿ ಬಿಗಿಯೋಕೆ ಹೋಗಬೇಡಿ, ಅಂಚು ಸೊಟ್ಟಗಾಗಿ ಮೊದಲಿಗಿಂತ ಜಾಸ್ತಿ ಸೋರುತ್ತೆ.

ಬಣ್ಣನೂ ನೋಡಿ. ನೀಲಿ ಕಲೆ ಇದ್ದರೆ ಅದು 100 ಎಲ್‌ಎಲ್ ಅನ್ನೋ ವಿಮಾನದ ಪೆಟ್ರೋಲು. ಚಕ್ರದ ಹತ್ತಿರ ಕೆಂಪು ಕಂಡರೆ ಬ್ರೇಕಿನ ಹೈಡ್ರಾಲಿಕ್ ದ್ರವ. ಪ್ರೊಪೆಲ್ಲರ್ ಬುಡದಲ್ಲಿ ಕೆಂಪು ಕಂಡರೆ ಮಾತ್ರ ಕೀಲಿ ಜೇಬಿಗೆ ಹಾಕಿಕೊಳ್ಳಿ, ಯಾಕಂದರೆ ಮೆಕಾಲಿ ಕಂಪನಿಯ ಕೆಲವು ಪ್ರೊಪೆಲ್ಲರುಗಳ ನಡುಗುಂಭದೊಳಗೆ (ಹಬ್) ಕೆಂಪು ಬಣ್ಣದ ಆಯಿಲ್ ತುಂಬಿರೋದೇ ಬಿರುಕು ಬಿಟ್ಟರೆ ಕಣ್ಣಿಗೆ ಬೀಳಲಿ ಅಂತ. ರಿವೆಟ್ ಹಿಂದಿನ ಕಪ್ಪು ಗೆರೆ ಆಯಿಲೇ ಅಲ್ಲ, ರಿವೆಟ್ ಸಡಿಲಾಗಿ ಉಜ್ಜಿಕೊಂಡು ಬಂದ ಪುಡಿ.

ಮುಂದಿನ ಗಾಜಿನ ಮೇಲೆ ಆಯಿಲ್ ಬಂದರೆ ಚರ್ಚೆ ಬೇಡ, ಹತ್ತಿರದ ರನ್‌ವೇಗೆ ಇಳಿಸಿ. ಕೊರೆಯೋ ಚಳಿಯಲ್ಲಿ ಬ್ರೀದರಿನ ಬಾಯಿ ಮಂಜುಗಟ್ಟಿ ಮುಚ್ಚಿ, ಒಳಗಿನ ಒತ್ತಡಕ್ಕೆ ಕ್ರ್ಯಾಂಕ್‌ಶಾಫ್ಟ್ ಮುಂದಿನ ಸೀಲೇ ಕಿತ್ತು ಬರಬಹುದು. ಹಾಗಾಗದಿರಲಿ ಅಂತಲೇ ಕವಚದೊಳಗೆ ಬೆಚ್ಚಗಿರೋ ಕಡೆ ಆ ಪೈಪಿಗೆ ಒಂದು ಸಣ್ಣ ಸೀಳು ಬಿಟ್ಟಿರ್ತಾರೆ. ನಿಮ್ಮದರಲ್ಲಿ ಅದು ಜಿಡ್ಡು ಕೂತು ಮುಚ್ಚಿದೆಯಾ ನೋಡಿ. ಆಯಿಲ್ ಬದಲಾಯಿಸಿದ ಮರುದಿನ ಬಂದ ಗೆರೆಗೂ ಕ್ಷಮೆ ಇಲ್ಲ. ಹಳೇ ಫಿಲ್ಟರಿನ ರಬ್ಬರ್ ಅಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಕೂತಿರಬಹುದು.

ಈಗ ಪ್ರತಿ ಸಲ ಇಳಿದ ಮೇಲೆ, ಬಟ್ಟೆ ಮುಟ್ಟೋಕೆ ಮುಂಚೆ, ಹೊಟ್ಟೆಯದೊಂದು ಫೋಟೋ ತಗೋತೀನಿ. ಮನೆಯವರ ಫೋಟೋಗಿಂತ ಅವೇ ಜಾಸ್ತಿ ಆಗಿವೆ ಫೋನಲ್ಲಿ. ಹೋದ ತಿಂಗಳು ಬ್ರೀದರಿನ ಗೆರೆ ಒಂದು ಗೇಣಿತ್ತು. ನಿನ್ನೆಯದರಲ್ಲಿ ಎರಡು ಗೇಣು ದಾಟಿದೆ, ತುಂಬಿದ್ದು ಆಗಲೂ 6, ಈಗಲೂ 6. ರಿಂಗು ದಾಟಿ ಬರೋ ಅನಿಲ ಜಾಸ್ತಿ ಆಗಿರಬಹುದು, ಅದಕ್ಕೇ ನಾಳೆ ಸಿಲಿಂಡರುಗಳು ಒತ್ತಡ ಹಿಡಿಯುತ್ತವಾ ಅಂತ ನೋಡೋ ಕಂಪ್ರೆಷನ್ ಚೆಕ್ ಮಾಡಿಸ್ತಾ ಇದ್ದೀನಿ.